ಮಾವನ ಜಾಗಕ್ಕೆ ಮೈಕು

ಶೋಭಿತಾಳ ಮನೆಯ ಹಾಲ್‌ನಲ್ಲಿ ಒಂದು ಸೋಫಾ ಇತ್ತು, ಅದರ ಮೇಲೆ ಮನೆಯವರು ಯಾರೂ ಕೂರುತ್ತಿರಲಿಲ್ಲ. ಅಂಗಡಿಯಿಂದ ಬರುವಾಗ ಸುತ್ತಿಕೊಂಡು ಬಂದ ಪ್ಲಾಸ್ಟಿಕ್ ಹಾಗೇ ಇತ್ತು. ಕೂತರೆ ಚರಚರ ಅನ್ನುತ್ತಿತ್ತು, ಬೇಸಿಗೆಯಲ್ಲಿ ಬೆನ್ನಿಗೆ ಅಂಟಿಕೊಳ್ಳುತ್ತಿತ್ತು. ತೆಗೆಯೋಣ ಅಂದರೆ ಗಂಡ ಮನೋಹರ ಒಪ್ಪುವವನಲ್ಲ. ಬಂದವರಿಗೆ ಅಂತ ತಂದ ಸೋಫಾ, ಬಂದವರ ಕಣ್ಣಿಗೆ ಹೊಸದಾಗಿಯೇ ಕಾಣಬೇಕು ಅನ್ನುವುದು ಅವನ ವಾದ. ಬಂದವರೋ, ಪ್ಲಾಸ್ಟಿಕ್ ನೋಡಿ ಮೆಲ್ಲಗೆ ಪಕ್ಕದ ಕುರ್ಚಿ ಎಳೆದುಕೊಳ್ಳುತ್ತಿದ್ದರು.

ಹೀಗಾಗಿ ಆ ಮನೆಯಲ್ಲಿ ಟೀವಿ ನೋಡುವಾಗ ಸೋಫಾ ಒಂದನ್ನು ಬಿಟ್ಟು ಮಿಕ್ಕೆಲ್ಲ ಕಡೆ ಜನ ಇರುತ್ತಿದ್ದರು. ಮನೋಹರ ಊಟದ ಮೇಜಿನ ಕುರ್ಚಿ ತಿರುಗಿಸಿಕೊಂಡು ಕೂರುತ್ತಿದ್ದ. ಶೋಭಿತಾ ಅಡುಗೆಮನೆ ಬಾಗಿಲಿಗೆ ಒರಗಿ, ಒಂದು ಕಣ್ಣು ಟೀವಿಯ ಮೇಲೆ, ಇನ್ನೊಂದು ಒಲೆಯ ಮೇಲೆ ಇಟ್ಟು ನಿಲ್ಲುತ್ತಿದ್ದಳು. ಹಾಸನದಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಗ್ರಿ ಓದುವ ಮಗಳು ತೇಜಶ್ರೀ, ಬಂದಾಗ ನೆಲಕ್ಕೆ ದಿಂಬು ಹಾಕಿ ಬೋರಲು ಮಲಗುತ್ತಿದ್ದಳು. ಮನೆಗೆ ಹಿರಿಯರಾದ ಮಾವ ಶಿವಯ್ಯನವರ ಜಾಗ ಮುಂಬಾಗಿಲ ಪಕ್ಕ. ಅಲ್ಲಿ ಗೋಡೆಗೆ ಸೇರಿಸಿ ಹಾಕಿದ ಒಂದು ಮರದ ಮಣೆ, ಅದರ ಮೇಲೆ ಅವರ ಚೌಕಳಿ ಟವಲು. ಏನು ಮಾಡಿದರೂ ಅಲ್ಲಿಂದ ಒಳಗೆ ಬರುತ್ತಿರಲಿಲ್ಲ. ಕೇಳಿದರೆ, "ಡ್ರೈವರ್‌ಗೆ ಬಾಗ್ಲ ಪಕ್ಕವೇ ಸೀಟು ಕಣವ್ವ" ಅಂತ ನಗುತ್ತಿದ್ದರು.

ಹೊಳೆನರಸೀಪುರದಲ್ಲಿ ಈ ಮನೆ ಕಟ್ಟಿಸಿದ ವರ್ಷವೇ ಮನೋಹರ ಹಾಸನದಿಂದ ಹೋಮ್ ಥಿಯೇಟರ್ ತರಿಸಿದ್ದ. ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಬಹಳ ದಿನದ ಆಸೆ ಅದು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಟೀವಿ, ಟೀವಿಯ ಕೆಳಗೆ ಮಾತು ಬರುವ ಉದ್ದನೆ ಸ್ಪೀಕರ್, ಅಕ್ಕಪಕ್ಕ ಎರಡು, ಮೂಲೆಯಲ್ಲಿ ಎದೆ ನಡುಗಿಸುವ ಊಫರ್. ಹಿಂದಿನ ಗೋಡೆಯಲ್ಲಿ ಚಪ್ಪಾಳೆ, ಮಳೆ, ಗಾಳಿ ಸದ್ದು ಕೇಳಿಸಲು ಎರಡು ಚಿಕ್ಕವು. ಅವೆರಡರಲ್ಲಿ ಒಂದು ಬಂದು ಕೂತದ್ದು ಸರಿಯಾಗಿ ಮಾವನ ಮಣೆಯ ಮೇಲ್ಗಡೆ. ಇಷ್ಟಕ್ಕೂ ಯಜಮಾನ ರಿಸೀವರ್ ಅನ್ನುವ ಕಪ್ಪು ಪೆಟ್ಟಿಗೆ. ಅದರ ಗುಂಡಿ ತಿರುಗಿಸುವ ಹಕ್ಕು ಮನೋಹರನಿಗೆ ಮಾತ್ರ ಇತ್ತು, ಅವನಿಗೂ ದನಿ ಏರಿಸುವುದು ಇಳಿಸುವುದು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ.

ಅದು ಬಂದ ಮೇಲೆ ಶಿವಯ್ಯನವರು ಟೀವಿ ನೋಡುವುದು ಕಡಿಮೆಯಾಗುತ್ತಾ ಬಂತು. ಮೊದಮೊದಲು "ಏನಂದ ಅವ್ನು?" ಅಂತ ಕೇಳುತ್ತಿದ್ದರು. ಆಮೇಲೆ ಕೇಳುವುದನ್ನೂ ಬಿಟ್ಟರು. ನ್ಯೂಸ್ ಶುರುವಾಗುತ್ತಿದ್ದಂತೆ ಎದ್ದು ಜಗುಲಿಗೆ ಹೋಗಿ ಕೂರತೊಡಗಿದರು. "ಅಪ್ಪಂಗೆ ಕಿವಿ ಪೂರ್ತಿ ಹೋಗೈತೆ" ಅಂತ ಮನೋಹರ ತೀರ್ಮಾನ ಕೊಟ್ಟ. ಬರುವ ಸೋಮವಾರ ಹಾಸನಕ್ಕೆ ಕರೆದುಕೊಂಡು ಹೋಗಿ ಕಿವಿಗೆ ಮೆಷಿನ್ ಹಾಕಿಸುವುದು ಅಂತಲೂ ಆಯಿತು. ಶಿವಯ್ಯನವರು ಅದಕ್ಕೂ ಹೂಂ ಅಂದರು. ಎದುರು ಮಾತಾಡದೆ ಒಪ್ಪಿಕೊಂಡರಲ್ಲ, ಶೋಭಿತಾಳಿಗೆ ಅದು ಸಂಕಟವಾಯಿತು.

ಅದಕ್ಕೆ ಅವಳದೇ ಕಾರಣ ಇತ್ತು. ಅವಳ ತವರು ಅರಕಲಗೂಡು ದಾರಿಯ ಒಂದು ಹಳ್ಳಿ. ಹೈಸ್ಕೂಲಿಗೆ ಹೋಗಬೇಕಾದರೆ ಬೆಳಗ್ಗೆ ಒಂದೇ ಬಸ್ಸು, ಅದನ್ನು ಓಡಿಸುತ್ತಿದ್ದವರು ಶಿವಯ್ಯ. ಮುಸುರೆ ತಿಕ್ಕಿ, ನೀರು ಹೊತ್ತು, ಗದ್ದೆ ಬದುವಿನ ಮೇಲೆ ಓಡಿ ಬರುವಷ್ಟರಲ್ಲಿ ಅವಳಿಗೆ ದಿನಾ ತಡ. "ಡ್ರೈವರಣ್ಣಾ, ಬಂದೆ" ಅಂತ ಕೂಗಿಕೊಂಡೇ ಓಡುತ್ತಿದ್ದಳು. ಕಂಡಕ್ಟರ್ ಸೀಟಿ ಊದಿ ಊದಿ ಬೇಸತ್ತರೂ ಬಸ್ಸು ಮಾತ್ರ ಅಲ್ಲಾಡುತ್ತಿರಲಿಲ್ಲ. ತನ್ನ ಕೂಗು ಡ್ರೈವರಣ್ಣನ ಕಿವಿಗೆ ಬಿದ್ದಿತು ಅಂತ ಅವಳು ಏದುಸಿರು ಬಿಡುತ್ತಾ ಹತ್ತುತ್ತಿದ್ದಳು. ಓದು ಮುಗಿದು ಟೀಚರ್ ಕೆಲಸ ಸಿಕ್ಕಿದ ಮೇಲೆ ಆ ಡ್ರೈವರಣ್ಣನೇ ಮಗನಿಗೆ ಹೆಣ್ಣು ಕೇಳಿಕೊಂಡು ಮನೆಗೆ ಬಂದರು. ಹುಡುಗನ ಮುಖ ಸರಿಯಾಗಿ ನೋಡುವ ಮೊದಲೇ ಶೋಭಿತಾ ಒಪ್ಪಿಬಿಟ್ಟಿದ್ದಳು. ಈ ಮಾತನ್ನು ಮನೋಹರನಿಗೆ ಈಗಲೂ ಆಗಾಗ ಹೇಳಿ ರೇಗಿಸುತ್ತಾಳೆ.

ಆ ವಾರ ತೇಜಶ್ರೀ ಫೋನ್ ಮಾಡಿ ಒಂದು ಸುದ್ದಿ ಹೇಳಿದಳು. ಹಾಸನದ ಲೋಕಲ್ ಚಾನೆಲ್ಲಿನವರು ಕಾಲೇಜು ಮಕ್ಕಳಿಂದ ಭಾಷಣ ಮಾಡಿಸಿದ್ದಾರೆ, ಇವಳದೂ ಆಗಿದೆ, ಭಾನುವಾರ ಸಂಜೆ ಟೀವಿಯಲ್ಲಿ ಬರುತ್ತದೆ. ತಾನೂ ಅಷ್ಟರಲ್ಲಿ ಊರಿಗೆ ಬರುತ್ತೇನೆ ಅಂದಳು. ಆಮೇಲೆ ದನಿ ತಗ್ಗಿಸಿದಳು.

"ಅಮ್ಮ, ನಾನು ಮಾತಾಡಿರೋದು ತಾತನ ಬಸ್ಸಿನ ಬಗ್ಗೆ. ನೀನು ಓಡಿ ಬರ್ತಿದ್ದಿದ್ದು, ಅವರು ನಿಲ್ಲಿಸ್ತಿದ್ದಿದ್ದು, ಎಲ್ಲಾ ಹೇಳಿದೀನಿ. ಅವರಿಗೆ ಮೊದ್ಲೇ ಹೇಳ್ಬೇಡ. ಅವರಾಗೇ ಕೇಳ್ಬೇಕು."

ಶೋಭಿತಾ ಮಾವನ ಬಳಿ ಹೋಗಿ, ಮೊಮ್ಮಗಳು ಟೀವಿಯಲ್ಲಿ ಬರುತ್ತಾಳೆ ಅಂತಷ್ಟೇ ಹೇಳಿದಳು. ಶಿವಯ್ಯನವರ ಮುಖ ಅರಳಿ, ಹಾಗೇ ಬಾಡಿತು.

"ನೀವು ನೋಡಿ ಕಣವ್ವ. ಆಮ್ಯಾಕೆ ಏನಂದ್ಲು ಅಂತ ನಂಗೆ ಏಳಿ."

"ನೀವೂ ಕೂತ್ಕೊಳಿ ಮಾವ."

"ಕೇಳ್ದೆ ಇದ್ರೂ ಕೇಳ್ದೋನಂಗೆ ತಲೆ ಆಡ್ಸಾದು ಮಗೀಗೆ ಮೋಸ ಮಾಡ್ದಂಗೆ. ನಂಗೆ ಅದು ಬ್ಯಾಡ" ಅಂದರು.

ಯಾರಿಗಾಗಿ ಹುಡುಗಿ ಮಾತಾಡಿದ್ದಳೋ ಅವರೊಬ್ಬರೇ ಕೇಳುವುದಿಲ್ಲ ಅಂದರೆ ಆ ಮಾತು ಯಾಕೆ ಬೇಕಿತ್ತು? ಶೋಭಿತಾಳಿಗೆ ಆ ದಿನ ಪಾಠ ಮಾಡುವಾಗಲೂ ಅದೇ ಯೋಚನೆ. ಸಂಜೆ ಬಸ್ಸು ಇಳಿದು ಮನೆಗೆ ಬಂದರೆ, ಜಗುಲಿಯಲ್ಲಿ ಕೂತಿದ್ದ ಮಾವ ಕೇಳಿದರು.

"ಆ ಹಳೇ ಗಾಡೀಲಿ ಬಂದ್ಯಾ? ಅದ್ರ ಸೆಕೆಂಡ್ ಗೇರು ಹೋಗೈತೆ. ಸೇತ್ವೆ ಹತ್ರ ಅರಚ್ಕೊಂತು ನೋಡು."

ಸೇತುವೆ ಎಲ್ಲಿ, ಇವರ ಜಗುಲಿ ಎಲ್ಲಿ. ಹೇಮಾವತಿ ಸೇತುವೆಯ ಮೇಲಿನ ಗೇರು ಕೇಳಿಸಿದ ಕಿವಿಗೆ ಹಾಲ್‌ನಲ್ಲಿನ ಟೀವಿ ಮಾತು ಕೇಳಿಸುವುದಿಲ್ಲ ಅಂದರೆ ತಪ್ಪು ಕಿವಿಯದಾಗಿರಲಾರದು ಅಂತ ಅವಳಿಗೆ ಆಗ ಮೊದಲ ಸಲ ಅನ್ನಿಸಿತು.

ಶನಿವಾರ ಶಾಲೆ ಮುಗಿಸಿ ಬಂದವಳೇ ಅವರೆಕಾಯಿ ಸುಲಿಯಲು ಕೂತಳು. ಮಾವ ಕ್ಷೌರಕ್ಕೆ ಹೋಗಿದ್ದರು, ಮನೋಹರ ಪೇಟೆಗೆ ಹೋಗಿದ್ದ. ಬೆಳಕಿರುವುದು ಬಾಗಿಲ ಹತ್ತಿರ ಅಂತ ಮೊರ ತಂದು ಮಾವನ ಮಣೆಯ ಮೇಲೆಯೇ ಕೂತು ಟೀವಿ ಹಾಕಿದಳು. ಯಾರೋ ಅಡುಗೆ ಹೇಳಿಕೊಡುತ್ತಿದ್ದರು. ಒಗ್ಗರಣೆ ಚಟಪಟ ತಲೆಯ ಮೇಲೆಯೇ ಸಿಡಿದಂತೆ ಕೇಳಿಸಿತು. ಹಿನ್ನೆಲೆಯ ಸಂಗೀತ ಕಿವಿ ತುಂಬ ಬಂತು. ಆದರೆ ಆ ಹೆಂಗಸು ಏನು ಹಾಕು ಅಂದಳು, ಎಷ್ಟು ಹಾಕು ಅಂದಳು, ಒಂದೂ ತಿಳಿಯಲಿಲ್ಲ. ತುಟಿ ಮಾತ್ರ ಆಡುತ್ತಿತ್ತು. ಕಾಯಿ ಸುಲಿಯುವ ಕೈ ನಿಂತುಹೋಯಿತು. ಎದ್ದು ಅಡುಗೆಮನೆ ಬಾಗಿಲಿಗೆ ಹೋದಳು, ಮಾತು ಕೇಳಿತು. ಮತ್ತೆ ಬಂದು ಮಣೆಯ ಮೇಲೆ ಕೂತಳು, ಮಾಯ.

ಇಷ್ಟು ದಿನ ಆ ಮನುಷ್ಯ ಇಲ್ಲಿ ಕೂತು ಬರೀ ಚಪ್ಪಾಳೆ, ಗಾಳಿ, ಗದ್ದಲ ಕೇಳಿಸಿಕೊಂಡು, ತಪ್ಪು ತನ್ನ ಕಿವಿಯದೇ ಅಂತ ಸುಮ್ಮನಾಗಿಬಿಟ್ಟಿದ್ದರು. ಅಲ್ಲಿ ಬಂದು ಕೂತು ನೋಡುವ ಬುದ್ಧಿ ಮನೆಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಶೋಭಿತಾಳಿಗೆ ತನ್ನ ಮೇಲೇ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೋಮ್ ಥಿಯೇಟರ್ ಕೂರಿಸಿಕೊಟ್ಟಿದ್ದ ಹಾಸನದ ಅರುಣ್‌ಕುಮಾರ್‌ಗೆ ಫೋನ್ ಮಾಡಿದಳು.

"ಸೆಟ್ಟಿಂಗ್ ಮಾಡುವಾಗ ನೀವೊಂದು ಮೈಕ್ ಇಟ್ಟಿದ್ರಲ್ಲ, ಎಲ್ಲಿ ಇಟ್ಟಿದ್ರಿ?"

"ಸೋಫಾ ನಡುವೆ ಮೇಡಂ. ಆ ಮೈಕ್ ಎಲ್ಲಿರ್ತದೋ ಅಲ್ಲಿ ಕೂತೋರಿಗೆ ಸೌಂಡು ಕರೆಕ್ಟಾಗಿ ಬರ್ತದೆ. ಎಲ್ಲರ ಮನೇಲೂ ಸೋಫಾ ಮೇಲೇ ಇಡೋದು."

"ನಮ್ಮನೇಲಿ ಅಲ್ಲಿ ಯಾರೂ ಕೂರಲ್ಲ."

"ಅಲ್ಲಿ ಯಾರು ಕೂರ್ತಾರೆ ಅಂತ ನಾನು ಕೇಳ್ಬೇಕಿತ್ತು ಮೇಡಂ" ಅಂದ ಅವನು. ಒಳ್ಳೆಯ ಹುಡುಗ. "ಹಿಂದಿನ ಸ್ಪೀಕರ್ ಎಫೆಕ್ಟ್ ಇರ್ಲಿ ಅಂತ ಸಾರ್ ಹೇಳಿದ್ರು, ಅದನ್ನೂ ಏರಿಸಿದ್ದೆ. ನಾಳೆ ನಾನು ಸಕಲೇಶಪುರದಲ್ಲಿರ್ತೀನಿ. ನೀವೇ ಮಾಡಿ, ಕಷ್ಟ ಇಲ್ಲ. ಮೈಕು ರಿಸೀವರ್ ಬಂದ ಡಬ್ಬದಲ್ಲೇ ಇರ್ತದೆ. ಕೂತೋರ ಕಿವಿ ಎಷ್ಟೆತ್ತರಕ್ಕೆ ಬರ್ತದೋ ಅಷ್ಟೆತ್ತರಕ್ಕೆ ಇಡಿ. ಅದು ಅಳೆಯುವಾಗ ಮನೇಲಿ ಯಾರೂ ಉಸಿರೆತ್ತಬಾರ್ದು."

ಮನೋಹರ ಪೇಟೆಯಿಂದ ಬಂದಾಗ ಶೋಭಿತಾ ಸ್ಟೂಲು ಹತ್ತಿ ಸಜ್ಜೆಯ ಮೇಲಿನ ಡಬ್ಬ ಇಳಿಸುತ್ತಿದ್ದಳು. ವಿಷಯ ಕೇಳಿ ಅವನ ಮುಖ ಕೆಂಪಾಯಿತು.

"ಸೋಫಾ ಬಿಟ್ಟು ಬಾಗ್ಲಿಗೆ ಸೌಂಡ್ ಕೂರಿಸ್ತಾರಾ ಯಾರಾದ್ರೂ? ಬಂದೋರು ನಗಲ್ವಾ? ಅಪ್ಪಂಗೇ ಹೇಳು, ಒಳಗೆ ಬಂದು ಸೋಫಾ ಮೇಲೆ ಕೂತ್ಕಳ್ಳಿ."

"ನೀವೇ ಎಷ್ಟು ಸಲ ಹೇಳಿದೀರ, ಕೂತ್ರಾ?"

"ಅವರು ಬಾಗ್ಲಲ್ಲಿ ಕೂರಬಾರ್ದು ಅಂತಾನೇ ಅಲ್ವಾ ನಾನು ಈ ಮನೆ ಕಟ್ಟಿಸಿದ್ದು" ಅಂದ ಮನೋಹರ. ಅವನ ದನಿ ಒಡೆದಿತ್ತು. ಸಿಟ್ಟಿನ ಕೆಳಗೆ ಅವನ ಸಂಕಟ ಇದ್ದದ್ದು ಶೋಭಿತಾಳಿಗೆ ಗೊತ್ತಾಯಿತು.

ಶಿವಯ್ಯನವರು ಆಗಷ್ಟೇ ಕ್ಷೌರ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಮಗನ ಮಾತು ಪೂರ್ತಿ ಕೇಳಿಸಿತ್ತು. ಬಂದು ಮಣೆಯ ಮೇಲೆ ಕೂತು, ಟವಲಿನಿಂದ ಕತ್ತು ಒರೆಸಿಕೊಂಡರು.

"ಡ್ರೈವರ್ ಕೆಲ್ಸ ಸಿಗೋಕೆ ಮೊದ್ಲು ನಮ್ಮೂರಲ್ಲಿ ಪಟೇಲ್ರ ಮನೇಲಿ ಒಂದೇ ಟೀವಿ ಇದ್ದಿದ್ದು ಕಣ್ಲಾ" ಅಂದರು. "ನಮ್ಮ ಕೇರಿಯೋರು ಕಿಟಕಿ ಆಚೆ ನಿಂತು ನೋಡ್ತಿದ್ವಿ. ನಾಯಿ ಅಟ್ಟಿಸ್ದಂಗೆ ಅಟ್ಟಿಸ್ದಾಗ ಓಡಾಕೆ ದಾರಿ ನೋಡ್ಕಂಡೇ ನಿಂತಿರ್ತಿದ್ವಿ. ಈಗ ಯಾರೂ ಅಟ್ಟಿಸಲ್ಲ, ಇದು ನನ್ ಮಗನ ಮನೆ, ಅದೂ ಗೊತ್ತು. ಆದ್ರೂ ನಡುಮನೇಲಿ ಕೂತ್ರೆ ಮೈ ಹಿಡ್ಕಂತದೆ. ಇಲ್ಲಿ ಗಾಳಿ ಬತ್ತದೆ, ಗೇಟು ಕಾಣ್ತದೆ, ಆರಾಮಾಗಿರ್ತೀನಿ. ಅದ್ಕೆ ನೀನು ಬ್ಯಾಸ್ರ ಮಾಡ್ಕಬ್ಯಾಡ."

ಶೋಭಿತಾ ಗಂಡನ ಕಡೆ ತಿರುಗಿದಳು: "ಅವರ ಜಾಗ ಬದಲಾಯ್ಸೋದು ಆಮೇಲೆ ನೋಡಣ ಕಣ್ರೀ. ಮೊದ್ಲು ಆ ಜಾಗಕ್ಕೆ ಮರ್ಯಾದೆ ಕೊಡಣ." ಮನೋಹರ ಒಳಗೆ ಹೋಗಿ, ಸದ್ದು ಮಾಡುವ ಫ್ರಿಜ್ಜಿನ ಸ್ವಿಚ್ ಆರಿಸಿ ಬಂದ. ಒಪ್ಪಿದೆ ಅನ್ನುವುದನ್ನು ಅವನು ಹೇಳುವ ರೀತಿ ಅದು.

ಮಣೆಯ ಮೇಲೆ ಬಿಂದಿಗೆ ಬೋರಲು ಹಾಕಿ, ಅದರ ಮೇಲೆ ಸೇರು ಬೋರಲು ಹಾಕಿ, ಪಾತ್ರೆ ಗುಂಯ್ ಅನ್ನದಂತೆ ಮಾವನ ಟವಲು ಹೊದಿಸಿ, ತುದಿಯಲ್ಲಿ ಮೈಕು ಇಟ್ಟಳು. ಎತ್ತರ ಸರಿಹೋಗಿದೆಯೇ ಅಂತ ಮಾವನನ್ನು ಪಕ್ಕದಲ್ಲಿ ಕೂರಿಸಿ ಕಿವಿಗೂ ಮೈಕಿಗೂ ಹೊಂದಿಸಿ ನೋಡಿದಳು.

"ಇದೇನವ್ವ, ನನ್ ಜಾಗದಲ್ಲಿ ಯಾವ ದ್ಯಾವ್ರನ್ನ ಕೂರಿಸ್ದೆ?" ಅಂದರು ಶಿವಯ್ಯ.

"ನಿಮ್ಮನ್ನೇ ಮಾವ."

ಫ್ಯಾನು ಆರಿತು, ಕುಕ್ಕರ್ ಇಳಿಯಿತು, ಫೋನುಗಳ ಬಾಯಿ ಮುಚ್ಚಿತು. ರಿಮೋಟ್ ಒತ್ತಿದಳು. ಒಂದು ಸ್ಪೀಕರ್ ಟುಂಯ್ ಟುಂಯ್ ಅಂದು ಮುಗಿಸಿ ಎರಡನೆಯದು ಬಾಯಿ ತೆರೆಯುವಷ್ಟರಲ್ಲಿ ಬೀದಿಯಲ್ಲಿ ಗುಜರಿ ಆಟೋ ಬಂತು. ಹಳೇ ಕಬ್ಬಿಣ, ಹಳೇ ಪ್ಲಾಸ್ಟಿಕ್ ಅಂತ ಅದರ ಮೈಕು ಈ ಮೈಕಿನೊಂದಿಗೆ ಜಗಳಕ್ಕೇ ಬಂದಂತಿತ್ತು. ಗದ್ದಲ ಜಾಸ್ತಿ, ಮತ್ತೆ ಮೊದಲಿಂದ ಮಾಡಿ ಅಂತ ಟೀವಿ ಪರದೆಯ ಮೇಲೆ ಬಂತು. ಮನೋಹರ ತಲೆ ಚಚ್ಚಿಕೊಂಡ. ಶಿವಯ್ಯನವರು ಎದ್ದು ಗೇಟಿಗೆ ಹೋದರು. ಕೈ ಅಡ್ಡ ಹಿಡಿದು ಆಟೋ ನಿಲ್ಲಿಸಿದರು.

"ಎಂಜಿನ್ ಆಫ್ ಮಾಡ್ಲಾ ಒಂದ್ಗಳಿಗೆ. ಒಳಗೆ ನನ್ ಸೊಸೆ ಕೆಲ್ಸ ಮಾಡ್ತವ್ಳೆ."

ಆ ದನಿಗೆ ಆಟೋದವನು ತಣ್ಣಗೆ ಆಫ್ ಮಾಡಿದ. ಹಿಂದೆ ಬಂದ ಬೈಕೂ ನಿಂತಿತು. ಬಸ್ಸು ನಿಲ್ಲಿಸಿ ಕಾಯುತ್ತಿದ್ದ ಮನುಷ್ಯ ಈಗ ಬೀದಿಯನ್ನೇ ನಿಲ್ಲಿಸಿ ಗೇಟಿನಲ್ಲಿ ಕಾವಲು ನಿಂತರು. ಒಳಗೆ ಒಂದೊಂದೇ ಸ್ಪೀಕರ್ ತನ್ನ ಪಾಠ ಒಪ್ಪಿಸಿತು, ಊಫರ್ ಕೊನೆಗೊಮ್ಮೆ ಗುಡುಗಿ ಸುಮ್ಮನಾಯಿತು. ಅಳತೆ ಮುಗಿಯಿತು ಅಂತ ಬಂತು.

ಲೆಕ್ಕ ನೋಡಿದರೆ ಮಣೆಯ ಮೇಲ್ಗಡೆಯ ಸ್ಪೀಕರನ್ನು ರಿಸೀವರ್ ತಾನಾಗಿಯೇ ಬಹಳ ತಗ್ಗಿಸಿತ್ತು, ಮಾತಿನ ಸ್ಪೀಕರನ್ನು ಏರಿಸಿತ್ತು. ಶೋಭಿತಾಳಿಗೆ ಧೈರ್ಯ ಬಂತು. ಮಾತನ್ನು ಇನ್ನೊಂದಿಷ್ಟು ಏರಿಸಿದಳು. ಚಿತ್ರದ ಸೆಟ್ಟಿಂಗಿಗೂ ಕೈ ಹಾಕಿದಳು. ಟೀವಿಯಲ್ಲಿ ಕೆಳಗೆ ಬರುವ ಅಕ್ಷರ ಅರ್ಧ ಕತ್ತರಿಸಿ ಹೋಗುತ್ತದೆ ಅಂತ ಮಾವ ಯಾವಾಗಲೋ ಹೇಳಿದ್ದರು, ಕಣ್ಣಿನ ದೋಷ ಅಂತ ಎಲ್ಲರೂ ತಳ್ಳಿಹಾಕಿದ್ದರು. ನೋಡಿದರೆ ಚಿತ್ರವನ್ನು ಯಾರೋ ಜೂಮ್ ಮಾಡಿಟ್ಟಿದ್ದರು. ಅದನ್ನು ತೆಗೆಯುತ್ತಿದ್ದಂತೆ ಚಿತ್ರ ಹಿಂದೆ ಸರಿದು ಅಂಚಿನೊಳಗೆ ಪೂರ್ತಿ ಕೂತಿತು, ಕೆಳಗಿನ ಸಾಲು ತಲೆಯಿಂದ ಬಾಲದವರೆಗೆ ಕಾಣಿಸಿತು. ಇದಕ್ಕೂ ಅವರ ಕಣ್ಣನ್ನೇ ದೂರಿದ್ದೆವಲ್ಲ ಅಂತ ಅವಳಿಗೆ ನಾಚಿಕೆಯಾಯಿತು. ಶಿವಯ್ಯನವರು ಬಂದು ಕೂತಾಗ ನ್ಯೂಸ್ ಹಾಕಿದಳು. ಅವರು ಜಗುಲಿಗೆ ಎದ್ದು ಹೋಗಲಿಲ್ಲ. ನಾಳೆಯ ಮಾತು ಏನಾಗುವುದೋ ಅಂತ ಅವಳಿಗೆ ಇನ್ನೂ ಅಳುಕು ಇದ್ದೇ ಇತ್ತು.

ಭಾನುವಾರ ಮಧ್ಯಾಹ್ನ ತೇಜಶ್ರೀ ಬಂದಳು. ಸಂಜೆ ಆಗುತ್ತಿದ್ದಂತೆ ಅವಳಿಗೆ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಟ್ಟ ಲಕ್ಷ್ಮೀನರಸಿಂಹ ಮೇಷ್ಟ್ರು ದೇವಸ್ಥಾನದ ಬೀದಿಯಿಂದ ನಡೆದುಕೊಂಡು ಬಂದರು. ಶಿಷ್ಯೆಯ ಭಾಷಣ ಕೇಳಲೇಬೇಕು ಅಂತ ಅವರೇ ಹೇಳಿ ಕಳಿಸಿದ್ದರು. ಮನೋಹರ ಅವರನ್ನು ಸೋಫಾದ ನಡುವೆ ಕೂರಿಸಿದ. ಪ್ಲಾಸ್ಟಿಕ್ ಚರಚರ ಅಂದಿತು. ಶಿವಯ್ಯನವರು ಶುಭ್ರ ಅಂಗಿ ಹಾಕಿಕೊಂಡು ತಮ್ಮ ಮಣೆಯ ಮೇಲೆ ಕೂತಿದ್ದರು.

ಕಾರ್ಯಕ್ರಮ ಶುರುವಾಯಿತು. ನಿರೂಪಕಿ ಮಾತಾಡುತ್ತಿದ್ದಂತೆ ಮೇಷ್ಟ್ರು ತಲೆ ಒಂದು ಕಡೆ ವಾಲಿಸಿ ಕೇಳಿ, "ಮನೋಹರ, ದನಿ ಯಾಕೋ ಬಾಗಿಲ ಕಡೆಗೇ ಹೆಚ್ಚು ಹೋದ ಹಾಗಿದೆಯಲ್ಲ?" ಅಂದರು.

ಶೋಭಿತಾ ಅಡುಗೆಮನೆ ಬಾಗಿಲಲ್ಲಿ ಬಿಗಿಯಾಗಿ ನಿಂತಳು. ಬಂದವರು ಏನಂದುಕೊಳ್ಳುತ್ತಾರೆ ಅನ್ನುವ ಒಂದೇ ಚಿಂತೆಯಲ್ಲಿ ಸೋಫಾ ತಂದು, ಪ್ಲಾಸ್ಟಿಕ್ ತೆಗೆಯದೆ ಇಟ್ಟ ಗಂಡ ಈಗ ಏನನ್ನುತ್ತಾನೋ.

ಮನೋಹರ ಅಪ್ಪನ ಕಡೆ ನೋಡಿದ. "ಹೌದು ಸಾ" ಅಂದ. "ಅದು ನಮ್ಮಪ್ಪ ಕೂರೋ ಜಾಗಕ್ಕೆ ಕೂರಿಸಿರೋದು."

"ಹೌದೇ? ಹಾಗಾದರೆ ನಾನೇ ಅಲ್ಲಿಗೆ ಬರುತ್ತೇನೆ" ಅಂತ ಮೇಷ್ಟ್ರು ಎದ್ದು, ಒಂದು ಕುರ್ಚಿ ಎಳೆದುಕೊಂಡು ಮಣೆಯ ಹತ್ತಿರ ಹಾಕಿಕೊಂಡರು. ಮನೋಹರನೂ ತನ್ನ ಕುರ್ಚಿ ಅತ್ತ ಸರಿಸಿದ. ತೇಜಶ್ರೀ ದಿಂಬು ಎತ್ತಿಕೊಂಡು ಹೋಗಿ ತಾತನ ಕಾಲ ಬಳಿ ಕೂತಳು. ಹಾಲ್ ನಡುವೆ ಸೋಫಾ ಒಂಟಿಯಾಗಿ ಉಳಿಯಿತು.

ಪರದೆಯ ಮೇಲೆ ತೇಜಶ್ರೀ ಬಂದಳು. ಕೆಳಗೆ ಅವಳ ಹೆಸರು ಪೂರ್ತಿಯಾಗಿ ಕಾಣಿಸಿತು. ಮೊದಲು ಸ್ವಲ್ಪ ತಡವರಿಸಿ, ಆಮೇಲೆ ಹದಕ್ಕೆ ಬಂದಳು. ಹಳ್ಳಿಯ ಹೆಣ್ಣುಮಕ್ಕಳು ಹೈಸ್ಕೂಲು ಯಾಕೆ ಬಿಡುತ್ತಾರೆ ಅಂತ ಹೇಳಿದಳು. ಬೆಳಗಿನ ಒಂದೇ ಬಸ್ಸು ತಪ್ಪಿದರೆ ಆ ದಿನ ತಪ್ಪುತ್ತದೆ, ದಿನಗಳು ತಪ್ಪಿದರೆ ಓದು ತಪ್ಪುತ್ತದೆ ಅಂದಳು. ಅರಕಲಗೂಡು ದಾರಿಯ ಗದ್ದೆ ಬದುವಿನ ಮೇಲೆ ದಿನಾ ತಡವಾಗಿ ಓಡಿ ಬರುತ್ತಿದ್ದ ಒಬ್ಬ ಹುಡುಗಿಯ ಕಥೆ ತೆಗೆದಳು.

"ಎಂಜಿನ್ ಅಷ್ಟು ಜೋರಾಗಿ ಸದ್ದು ಮಾಡುತ್ತಿದ್ದರೂ ಆ ಹುಡುಗಿಯ ಕೂಗು ಡ್ರೈವರ್ ಕಿವಿಗೆ ಬೀಳುತ್ತಿತ್ತು. ಅವರು ಬಸ್ಸು ಬಿಡುತ್ತಿರಲಿಲ್ಲ. ಆ ಹುಡುಗಿ ಇವತ್ತು ಟೀಚರ್. ನನ್ನ ಅಮ್ಮ. ಆ ಡ್ರೈವರ್ ಹೆಸರು ಶಿವಯ್ಯ. ನನ್ನ ತಾತ."

ಟೀವಿಯಲ್ಲಿ ಚಪ್ಪಾಳೆ ಬಿತ್ತು. ಮಣೆಯ ಮೇಲಿನ ಸ್ಪೀಕರ್ ಆ ಚಪ್ಪಾಳೆಯನ್ನು ಮೆಲ್ಲಗೆ, ಎಷ್ಟು ಬೇಕೋ ಅಷ್ಟೇ ಕೇಳಿಸಿತು. ಶಿವಯ್ಯನವರು ಅಲುಗಾಡಲಿಲ್ಲ. ಕೇಳಿಸಿತೋ ಇಲ್ಲವೋ ಅವರ ಮುಖ ನೋಡಿ ತಿಳಿಯುವಂತಿರಲಿಲ್ಲ. ಆಮೇಲೆ ಅವರು ಟವಲು ತೆಗೆದು ಕಣ್ಣೊರೆಸಿಕೊಂಡು, ಮೊಮ್ಮಗಳ ತಲೆಯ ಮೇಲೆ ಕೈ ಇಟ್ಟರು.

"ಚೆಂದಾಗಿ ಮಾತಾಡ್ದೆ ಮಗಾ. ಆದ್ರೆ ಒಂದು ತಪ್ಪು ಏಳ್ಬುಟ್ಟೆ."

"ಏನು ತಾತ?"

"ಆ ಗಾಡಿ ಎಂಜಿನ್ ಸದ್ದಲ್ಲಿ ಪಕ್ಕದಲ್ಲಿ ನಿಂತೋನು ಬಡ್ಕಂಡ್ರೂ ಕೇಳ್ತಿರ್ನಿಲ್ಲ. ಇನ್ನು ನಿಮ್ಮವ್ವ ಗದ್ದೇಲಿ ಕೂಗಿದ್ದು ಎಲ್ಲಿ ಕೇಳ್ತದೆ? ಒಂದು ದಿನಾನೂ ಕೇಳಿಲ್ಲ ನಂಗೆ. ನಾನು ಕನ್ನಡೀಲಿ ನೋಡ್ತಿದ್ದೆ. ಅವ್ಳು ಬದು ಮ್ಯಾಲೆ ಕಾಣೋಗಂಟ ಗಾಡಿ ಎತ್ತಾಕೆ ಮನ್ಸು ಬತ್ತಿರ್ನಿಲ್ಲ."

ಮೇಷ್ಟ್ರು ನಕ್ಕರು. ಮನೋಹರ ಮುಖ ಆಚೆ ತಿರುಗಿಸಿ ಗೇಟು ನೋಡತೊಡಗಿದ. ಒಂದು ಮಾತನ್ನೂ ಬಿಡದೆ ಕೇಳಿಸಿಕೊಂಡು ತಪ್ಪು ಹಿಡಿಯುವ ಕಿವಿಗೆ ಸೋಮವಾರ ಹಾಸನದಲ್ಲಿ ಏನೂ ಕೆಲಸ ಇರಲಿಲ್ಲ.

ತಾನು ಕೂಗಿದ್ದಕ್ಕೆ ಬಸ್ಸು ನಿಂತಿತು ಅಂತ ಶೋಭಿತಾ ಇಷ್ಟು ವರ್ಷ ನಂಬಿದ್ದಳು. ಜ್ವರ ಬಂದು ದನಿಯೇ ಏಳದ ದಿನಗಳಿದ್ದವು, ಅಳು ಬಂದು ಕೂಗಲಾರದೆ ಓಡಿದ ದಿನಗಳಿದ್ದವು. ಆ ದಿನಗಳಲ್ಲೂ ಬಸ್ಸು ನಿಂತೇ ಇತ್ತಲ್ಲ, ಯಾಕೆ ಅಂತ ಅವಳು ಯೋಚಿಸಿಯೇ ಇರಲಿಲ್ಲ. ಕರೆಯುವ ಮೊದಲೇ ಅವರು ಕಾದಿದ್ದರು.

ಅವಳು ಒಲೆ ಸಣ್ಣ ಮಾಡಿ, ಅಡುಗೆಮನೆ ಬಾಗಿಲು ಬಿಟ್ಟು ಬಂದು, ಮಾವನ ಮಣೆಯ ಪಕ್ಕ ನೆಲದ ಮೇಲೆ ಕೂತಳು. ಟೀವಿಯಲ್ಲಿ ಮುಂದಿನ ಹುಡುಗ ಮಾತಾಡಲು ನಿಂತಿದ್ದ. ಅಲ್ಲಿಂದ ಎಲ್ಲವೂ ಚೆನ್ನಾಗಿ ಕೇಳಿಸುತ್ತಿತ್ತು.